ಸಮುದ್ರದಲ್ಲಿ ಒಕ್ಕಲುತನ

ಸಮುದ್ರದಿಂದ ದೂರವಿರುವವರಿಗೆ ಸಮುದ್ರದ ಮೇಲೆ ಮೋಹ ಹೆಚ್ಚು. ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳನ್ನೊಳಗೊಂಡ ನಮ್ಮ ಸೀಮೆ ಮಳೆಗಾಗಿ ಕಾಯುವ ಸೀಮೆ. ಇಲ್ಲಿಯ ಹಿರಿಯರು ದೊಡ್ಡದೊಂದು ಕೆರೆಯನ್ನು ಕಟ್ಟಿದರೆ ಅದನ್ನು ಕೆರೆಯೆಂದು ಕರೆದು ತೃಪ್ತರಾಗಲಿಲ್ಲ, ಸಮುದ್ರವೆಂದೇ ಕರೆದರು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಅಂಥದೊಂದು ಹೆಸರು. ಹೂವಿನಹಡಗಲಿಯ ಹೆಸರಿನೊಳಗೆ ಹಡಗೇ ಇದೆಯೆಂದೂ, ಇಲ್ಲಿಂದ ಹಂಪೆಗೆ ತುಂಗಭದ್ರೆಯ ಮೇಲೆ ಹೂವು ಸಾಗುತ್ತಿತ್ತೆಂದೂ ಜನ ಹೇಳುತ್ತಾರೆ. ಭಾಷೆಯ ಮೇಷ್ಟರಾಗಿ ನಾನು ಆ ವ್ಯುತ್ಪತ್ತಿಗೆ ಸಹಿ ಹಾಕಲಾರೆ. ಆದರೆ ಅದರ ಹಿಂದಿರುವ ಆಸೆಯನ್ನು ಅಲ್ಲಗಳೆಯಲಾರೆ.

ಭರತ ಹುಣ್ಣಿಮೆಯ ಜಾತ್ರೆಗೆಂದು ಮೈಲಾರಕ್ಕೆ ಹೋಗಿದ್ದೆ. ಅಲ್ಲಿಯ ಕಾರ್ಣಿಕದ ವಿಷಯ ನಿಮಗೆಲ್ಲ ತಿಳಿದದ್ದೇ. ಉಪವಾಸವಿದ್ದ ಗೊರವಯ್ಯ ಡೆಂಕನಮರಡಿಯಲ್ಲಿ ಎತ್ತರದ ಬಿಲ್ಲನ್ನೇರುತ್ತಾನೆ. 'ಸದ್ದಲೇ' ಎಂದು ಕೂಗಿದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ಒಂದೇ ಒಂದು ಮಾತನ್ನು ನುಡಿದು ಕೆಳಗೆ ಬೀಳುತ್ತಾನೆ. ಆ ಮಾತಿನಲ್ಲಿ ಮಳೆ ಎಷ್ಟಿದೆ, ಬೆಳೆ ಎಷ್ಟಿದೆ ಎಂದು ಅರ್ಥ ಹೇಳುತ್ತ ಜನ ಗಾಡಿ ಹೂಡುತ್ತಾರೆ, ಬಸ್ಸು ಹತ್ತುತ್ತಾರೆ. ಹಾಗೆ ಅರ್ಥ ಹೇಳುತ್ತಿದ್ದ ಗುಂಪಿನಲ್ಲಿ ಕುಳಿತಿದ್ದಾಗ ನನ್ನ ಅಕ್ಕನ ಮೊಮ್ಮಗ ನನ್ನನ್ನು ಒಂದು ಪ್ರಶ್ನೆ ಕೇಳಿದ.

"ಅಜ್ಜಾ, ನಮ್ಮ ಕಡೆ ಹೊಲ ಐತಿ, ನೀರಿಲ್ಲ. ಸಮುದ್ರದಾಗ ಬೇಕಾದಷ್ಟು ನೀರೈತಿ, ಹೊಲ ಇಲ್ಲ. ಎರಡನ್ನೂ ಕೂಡಿಸಾಕ ಬರೂದಿಲ್ಲೇನು?"

ಅವನ ಪಕ್ಕದಲ್ಲಿದ್ದ ಗೆಳೆಯ ನಕ್ಕು, ಸಮುದ್ರದ ನಡುವೆ ಭಂಗಿಯನ್ನು ಬೆಳೆದರೂ ಕೇಳುವವರಿಲ್ಲ ಎಂದ. ಹುಡುಗರ ಮಾತೆಂದು ಹಿರಿಯರು ಗದರಿಸಿದರು. ನನಗೆ ಮಾತ್ರ ಆ ಎರಡು ಮಾತುಗಳೂ ಗದರಿಸಿ ಮುಗಿಸುವಂಥವೆನಿಸಲಿಲ್ಲ. ಈ ಹೊತ್ತಿನ ಭಾಷಣ ಅವರಿಬ್ಬರಿಗೆ ನಾನು ಕೊಡಬೇಕಾಗಿದ್ದ ಉತ್ತರ.

ಗೆಳೆಯನ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಭಂಗಿಗೂ ಸಮುದ್ರಕ್ಕೂ ಸಂಬಂಧ ಹೊಸದೇನಲ್ಲ. ಹಡಗಿನ ಹಾಯಿಗೆ ಬಳಸುವ ದಪ್ಪ ಬಟ್ಟೆಯನ್ನು ನಾವು ಕ್ಯಾನ್ವಾಸ್ ಎನ್ನುತ್ತೇವೆ; ಆ ಶಬ್ದ ಹುಟ್ಟಿದ್ದು ಭಂಗಿಯ ಲ್ಯಾಟಿನ್ ಹೆಸರಾದ ಕ್ಯಾನಬಿಸ್ ಎಂಬುದರಿಂದ. ಯುರೋಪಿನ ಹಡಗುಗಳ ಹಾಯಿ, ಹಗ್ಗಗಳು ಶತಮಾನಗಳ ಕಾಲ ಈ ಗಿಡದ ನಾರಿನಿಂದಲೇ ಆಗುತ್ತಿದ್ದವು. ಜೋಳದ ರೊಟ್ಟಿಯ ಜೊತೆಗೆ ನಾವು ಮೆಲ್ಲುವ ಪುಂಡಿಪಲ್ಯದ ಗಿಡಕ್ಕೂ ಸಸ್ಯಶಾಸ್ತ್ರಜ್ಞರು ಕ್ಯಾನಬಿನಸ್, ಅಂದರೆ ಭಂಗಿಯಂತಿರುವುದು, ಎಂದು ಹೆಸರಿಟ್ಟಿದ್ದಾರೆ. ಎರಡೂ ನಾರಿನ ಗಿಡಗಳು, ಎಲೆಯ ಆಕಾರವೂ ಹೋಲುತ್ತದೆ. ಬಂಧುತ್ವ ಮಾತ್ರ ಇಲ್ಲ.

ಆದರೆ ಹಾಯಿಯಾಗಿ ಸಮುದ್ರಕ್ಕೆ ಹೋದ ಗಿಡ ಬೆಳೆಯಾಗಿ ಅಲ್ಲಿಗೆ ಹೋಗಲಾರದು. ಉಪ್ಪುನೀರು ಅದಕ್ಕೆ ಆಗದು. ಇನ್ನು ಕೇಳುವವರಿಲ್ಲವೆಂಬ ಮಾತೂ ನಿಜವಲ್ಲ. ನಮ್ಮ ದೇಶದಲ್ಲಿ 1985ರ ಮಾದಕ ವಸ್ತುಗಳ ಕಾಯಿದೆ ಭಂಗಿಯ ಬೇಸಾಯವನ್ನು ಸರ್ಕಾರದ ಅನುಮತಿಗೆ ಕಟ್ಟಿಹಾಕಿದೆ. ನಾರು ಮತ್ತು ಬೀಜಗಳಿಗಾಗಿ ಬೆಳೆಯಲು ಅನುಮತಿ ಕೊಡುವ ಅವಕಾಶ ಅದರಲ್ಲಿಯೇ ಇದೆ. ಉತ್ತರಾಖಂಡ 2018ರಲ್ಲಿ ಅಂಥ ಅನುಮತಿಯನ್ನು ನೀಡಿತು. ದಡದಿಂದ 12 ನಾವಿಕ ಮೈಲಿ, ಎಂದರೆ ಸುಮಾರು 22 ಕಿಲೋಮೀಟರುಗಳವರೆಗಿನ ಕಡಲು ದೇಶದ ಭೂಮಿಯಿದ್ದಂತೆಯೇ. 1982ರ ಅಂತರರಾಷ್ಟ್ರೀಯ ಸಮುದ್ರ ಒಪ್ಪಂದದ ಪ್ರಕಾರ 200 ನಾವಿಕ ಮೈಲಿಗಳವರೆಗೆ ಕೃತಕ ದ್ವೀಪಗಳನ್ನು ಕಟ್ಟುವ, ಕಟ್ಟಗೊಡುವ ಹಕ್ಕು ಕರಾವಳಿಯ ದೇಶದ್ದು. ಅದರಾಚೆಗೂ ಪ್ರತಿಯೊಂದು ಹಡಗು ಯಾವ ದೇಶದ ಬಾವುಟವನ್ನು ಹೊತ್ತಿದೆಯೋ ಆ ದೇಶದ ಕಾನೂನನ್ನೂ ಹೊತ್ತಿರುತ್ತದೆ. 2019ರಲ್ಲಿ ಥಾಯ್ಲೆಂಡಿನ ಫುಕೆಟ್ ದ್ವೀಪದಾಚೆ ಯಾವ ಸರ್ಕಾರಕ್ಕೂ ಸೇರದ ಬಾಳನ್ನು ಬಾಳುವೆವೆಂದು ತೇಲುಮನೆಯೊಂದನ್ನು ನಿಲ್ಲಿಸಿದವರಿದ್ದರು. ಆ ದೇಶದ ನೌಕಾದಳ ಅದನ್ನು ಬಿಚ್ಚಿ ದಡಕ್ಕೆ ಎಳೆತಂದಿತು. ನೀರಿನ ಮೇಲೆ ಗೆರೆ ಎಳೆಯಲಾಗದೆಂಬ ಗಾದೆಯಂಥ ಮಾತು ಕಾನೂನಿನವರಿಗೆ ಅನ್ವಯಿಸುವುದಿಲ್ಲ.

ಇನ್ನು ಮೊಮ್ಮಗನ ಪ್ರಶ್ನೆ. ಇದು ಕಾನೂನಿನದಲ್ಲ, ಉಪ್ಪಿನದು.

ಒಂದು ಲೀಟರು ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಸಾಮಾನ್ಯ ಭತ್ತ ಲೀಟರಿಗೆ ಸುಮಾರು ಎರಡು ಗ್ರಾಂ ದಾಟುತ್ತಿದ್ದಂತೆಯೇ ಸೊರಗತೊಡಗುತ್ತದೆ. ಇದೇಕೆಂಬುದನ್ನು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ, ಅಡಿಗೆಮನೆ ಸಾಕು. ಉಪ್ಪಿನಕಾಯಿಗೆಂದು ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವುದರೊಳಗೆ ಹೋಳುಗಳು ಸುಕ್ಕಾಗಿ ಭರಣಿಯಲ್ಲಿ ನೀರು ನಿಂತಿರುತ್ತದೆ. ಉಪ್ಪು ಎಲ್ಲಿ ಹೆಚ್ಚೋ ಅತ್ತ ನೀರು ಹರಿಯುತ್ತದೆ. ಬೇರಿನ ಹೊರಗೆ ಉಪ್ಪು ಹೆಚ್ಚಾದರೆ ಬೇರು ನೀರನ್ನು ಹೀರುವುದಿರಲಿ, ತನ್ನೊಳಗಿನದನ್ನೂ ಕಳೆದುಕೊಳ್ಳುತ್ತದೆ. ಹೇಗೋ ಹೀರಿತೆನ್ನೋಣ, ನೀರಿನೊಡನೆ ಒಳಹೊಕ್ಕ ಸೋಡಿಯಂ ಎಲೆಗಳಲ್ಲಿ ಶೇಖರವಾಗಿ ಅವುಗಳನ್ನು ಸುಡುತ್ತದೆ. ಹೀಗೆ ಕಡಲಿನ ನಡುವೆ ನಿಂತ ಗಿಡ ಬಾಯಾರಿಕೆಯಿಂದಲೇ ಸಾಯುತ್ತದೆ.

ಈ ಕಷ್ಟವನ್ನು ದಾಟಲು ಮನುಷ್ಯ ಮೂರು ನಾಲ್ಕು ದಾರಿಗಳನ್ನು ಕಲ್ಪಿಸಿಕೊಂಡಿದ್ದಾನೆ.

ಮೊದಲನೆಯದು, ಕಡಲಲ್ಲಿಯೇ ಸಿಹಿನೀರನ್ನು ಮಾಡಿಕೊಳ್ಳುವುದು. ಇಟಲಿಯ ನೋಲಿ ಎಂಬ ಊರಿನ ಕಡಲತೀರದಲ್ಲಿ 2012ರಿಂದ ಇಂಥದೊಂದು ಪ್ರಯೋಗ ನಡೆದಿದೆ. ಗಾಳಿ ತುಂಬಿದ ಪಾರದರ್ಶಕ ಗುಮ್ಮಟಗಳನ್ನು ಕೆಲವು ಮೀಟರು ಆಳದಲ್ಲಿ ತಳಕ್ಕೆ ಕಟ್ಟಿ ನಿಲ್ಲಿಸಿದ್ದಾರೆ. ಗುಮ್ಮಟದ ಕೆಳಗಿನ ಬಾಯಿ ತೆರೆದಿದ್ದು ಅಲ್ಲಿ ಕಡಲನೀರು ಆವಿಯಾಗುತ್ತದೆ. ಆ ಆವಿ ಒಳಗೋಡೆಯ ಮೇಲೆ ಹನಿಗಟ್ಟಿ ಸಿಹಿನೀರಾಗಿ ಇಳಿಯುತ್ತದೆ. ಮಳೆ ಹುಟ್ಟುವ ಕ್ರಮವನ್ನೇ ಒಂದು ಕೊಡದೊಳಗೆ ಅಡಗಿಸಿದಂತೆ. ಅಲ್ಲಿ ಕಾಮಕಸ್ತೂರಿಯ ಜಾತಿಯ ಗಿಡ ಬೆಳೆದಿದೆ. ವಿಸ್ಮಯ ನಿಜ, ಆದರೆ ಅಷ್ಟು ವೆಚ್ಚದಲ್ಲಿ ಬೆಳೆದ ಸೊಪ್ಪು ಊಟದ ಅಲಂಕಾರವಾದೀತೇ ಹೊರತು ಊಟವಾಗದು. ಬಾಂಗ್ಲಾದೇಶದ ಜೌಗುನಾಡಿನಲ್ಲಿ ನೀರಿನ ಕಳೆಯನ್ನು ಪದರಪದರವಾಗಿ ಒಟ್ಟಿ ತೇಲುವ ಪಾತಿಗಳಲ್ಲಿ ತರಕಾರಿ ಬೆಳೆಯುತ್ತಾರೆ. ಕಾಶ್ಮೀರದ ದಾಲ್ ಸರೋವರದಲ್ಲಿಯೂ ತೇಲುತೋಟಗಳಿವೆ. ಇವು ಬಡವರ ಕೈಗೆ ನಿಲುಕುವ ಉಪಾಯಗಳು. ಆದರೆ ಇವೆರಡಕ್ಕೂ ಅಡಿಯಲ್ಲಿರುವುದು ಸಿಹಿನೀರು.

ಎರಡನೆಯ ದಾರಿ, ಹೊಲದ ಬೆಳೆಯನ್ನು ಕಡಲಿಗೆ ಒಯ್ಯದೆ ಕಡಲಿನ ಬೆಳೆಯನ್ನೇ ಬೆಳೆಯುವುದು. ಇದು ಕಡಲಪಾಚಿಯ ಬೇಸಾಯ. ಜಪಾನೀಯರು ಊಟದಲ್ಲಿ ಬಳಸುವ ನೋರಿ ಎಂಬ ಪಾಚಿಯ ಬೀಜ ಬೇಸಗೆಯಲ್ಲಿ ಎಲ್ಲಿ ಅಡಗಿರುತ್ತದೆಂಬುದು ಬಹುಕಾಲ ತಿಳಿದಿರಲಿಲ್ಲ. ಫಸಲು ಕೈಕೊಟ್ಟ ವರ್ಷ ಬೆಸ್ತರು ದೈವವನ್ನು ನೆನೆದು ಕೂಡಬೇಕಾಗಿತ್ತು, ನಾವು ಕಾರ್ಣಿಕಕ್ಕೆ ಕಿವಿಗೊಡುವ ಹಾಗೆ. 1949ರಲ್ಲಿ ಇಂಗ್ಲೆಂಡಿನ ಕ್ಯಾಥ್ಲೀನ್ ಡ್ರೂ ಎಂಬ ವಿದುಷಿ ಆ ಜಾತಿಯ ಪಾಚಿ ತನ್ನ ಜೀವನದ ಒಂದು ಘಟ್ಟವನ್ನು ಚಿಪ್ಪುಗಳೊಳಗೆ ಕಳೆಯುತ್ತದೆಂದು ತೋರಿಸಿಕೊಟ್ಟರು. ಅಲ್ಲಿಂದ ಜಪಾನಿನ ಪಾಚಿಬೇಸಾಯ ನಿಶ್ಚಿತ ನೆಲೆಗೆ ಬಂತು. ಜಪಾನನ್ನು ಕಣ್ಣಾರೆ ಕಾಣದ ಆಕೆಗೆ ಅಲ್ಲಿಯ ಉಟೊ ಎಂಬ ಊರಿನಲ್ಲಿ 1963ರಲ್ಲಿ ಸ್ಮಾರಕವನ್ನು ನಿಲ್ಲಿಸಿದರು. ಪ್ರತಿವರ್ಷ ಆಕೆಯ ನೆನಪಿನ ಉತ್ಸವವೂ ನಡೆಯುತ್ತದೆ. ನಮ್ಮಲ್ಲಿ ತಮಿಳುನಾಡಿನ ಮಂಡಪಂ ಸುತ್ತಿನ ಕಡಲಲ್ಲಿ ಬಿದಿರಿನ ತೆಪ್ಪಗಳಿಗೆ ಪಾಚಿಯ ತುಂಡುಗಳನ್ನು ಕಟ್ಟಿ ಬೆಳೆಸುವ ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳಿವೆ. ಭಾವನಗರದ ಕೇಂದ್ರೀಯ ಲವಣ ಸಂಶೋಧನಾ ಸಂಸ್ಥೆಯವರು ಅದಕ್ಕೆ ಮಾರ್ಗದರ್ಶಕರು. ಆ ಪಾಚಿಯಿಂದ ತೆಗೆದ ಅಂಟನ್ನು ಐಸ್‌ಕ್ರೀಮಿಗೂ ಔಷಧಿಗಳಿಗೂ ಬಳಸುತ್ತಾರೆ. ಒಳ್ಳೆಯ ಬೆಳೆ, ಆದರೆ ಹಸಿದವನು ಕೇಳುವ ಅನ್ನ ಅದಲ್ಲ.

ಹಾಗಾದರೆ ಉಪ್ಪುನೀರಿನ ಮಗ್ಗುಲಲ್ಲಿ ಅನ್ನ ಬೆಳೆದವರೇ ಇಲ್ಲವೆ? ಇದ್ದಾರೆ. ಅವರು ಇಟಲಿಯಲ್ಲಿಲ್ಲ, ಜಪಾನಿನಲ್ಲಿಲ್ಲ. ನಮ್ಮ ನಾಡಿನ ಕುಮಟಾ ತಾಲ್ಲೂಕಿನಲ್ಲಿದ್ದಾರೆ. ಮೂರನೆಯ ದಾರಿ ಅವರದು.

ಶಿರಸಿಯ ಬಳಿ ಹುಟ್ಟಿ, ಯಾವ ದೊಡ್ಡ ಅಣೆಕಟ್ಟಿಗೂ ಸಿಕ್ಕದೆ ಹರಿದು, ತದಡಿಯ ಹತ್ತಿರ ಅರಬ್ಬೀ ಸಮುದ್ರವನ್ನು ಕೂಡುವ ಅಘನಾಶಿನಿಯ ಅಳಿವೆಯಲ್ಲಿ ಗಜನಿ ಎಂಬ ಗದ್ದೆಗಳಿವೆ. ದಿನಕ್ಕೆರಡು ಸಲ ಕಡಲು ಉಕ್ಕಿ ನದಿಯೊಳಕ್ಕೆ ಬರುವ ಜಾಗ ಅದು. ಆಚೆಗೆ ಸಾಣಿಕಟ್ಟೆಯಲ್ಲಿ ಅದೇ ನೀರನ್ನು ಬಿಸಿಲಿಗಿಟ್ಟು ಉಪ್ಪು ಮಾಡುತ್ತಾರೆ. ಈಚೆಗೆ ಅದೇ ನೀರಿನ ಪಕ್ಕದಲ್ಲಿ ಕಗ್ಗವೆಂಬ ಭತ್ತವನ್ನು ಬೆಳೆಯುತ್ತಾರೆ. ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಪರೀಕ್ಷೆಯ ಕೆಲಸಕ್ಕೆಂದು ಕುಮಟೆಗೆ ಹೋದಾಗ, ಬಿಡುವಿನ ಒಂದು ದಿನ, ಮಾಣಿಕಟ್ಟದ ಕಡೆಯ ಕಟ್ಟೆಯ ಮೇಲೆ ನಿಂತು ಈ ಗದ್ದೆಗಳನ್ನು ನೋಡಿದೆ. ಕಟ್ಟೆಯ ಎಡಕ್ಕೆ ಉಪ್ಪುನೀರು, ಬಲಕ್ಕೆ ಎದೆಮಟ್ಟದ ಭತ್ತ. ಬಾಗಿ ನೀರನ್ನು ಬೆರಳಿಗೆ ತಗುಲಿಸಿ ನಾಲಗೆಗೆ ಇಟ್ಟುಕೊಂಡೆ. ನಂಬಿಕೆ ಬಂತು.

ಇದರ ರಹಸ್ಯ ಮಳೆ ಮತ್ತು ಬಾಗಿಲು. ಜೂನಿನಲ್ಲಿ ಮುಂಗಾರು ಹಿಡಿದೊಡನೆ ಮೊದಲ ಮಳೆಗಳು ಗದ್ದೆಯ ಉಪ್ಪನ್ನು ತೊಳೆಯುತ್ತವೆ. ಕಟ್ಟೆಗೆ ಅಲ್ಲಲ್ಲಿ ಹಲಗೆಯ ಬಾಗಿಲುಗಳಿವೆ. ಕಡಲು ಇಳಿದಾಗ ಬಾಗಿಲು ತೆರೆದು ಉಪ್ಪು ಬೆರೆತ ಮಳೆನೀರನ್ನು ಹೊರಕ್ಕೆ ಬಿಡಬೇಕು. ಕಡಲು ಏರುವ ಹೊತ್ತಿಗೆ ಮುಚ್ಚಬೇಕು. ಹೀಗೆ ತೊಳೆದು ತೊಳೆದು ಗದ್ದೆ ತಕ್ಕಮಟ್ಟಿಗೆ ಸಿಹಿಯಾದಾಗ ಮೊಳಕೆ ಬಂದ ಬೀಜವನ್ನು ಚೆಲ್ಲುತ್ತಾರೆ. ಗೊಬ್ಬರ ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ಪ್ರವಾಹ ತಂದ ಮೆಕ್ಕಲೇ ಗೊಬ್ಬರ. ನೆರೆ ಬಂದು ಪೈರು ಕೆಲವು ದಿನ ಮುಳುಗಿದರೂ ಕಗ್ಗ ಕೊಳೆಯುವುದಿಲ್ಲ. ನಡುವೆ ಒಂದಿಷ್ಟು ಉಪ್ಪು ನುಗ್ಗಿದರೂ ತಡೆದುಕೊಳ್ಳುತ್ತದೆ. ಮಳೆಗಾಲದ ಕೊನೆಗೆ ಕೊಯ್ಲು. ಆಮೇಲೆ ಬಾಗಿಲು ತೆರೆದರೆ ಕಡಲು ಒಳಗೆ ಬರುತ್ತದೆ, ಅದರೊಡನೆ ಸಿಗಡಿ, ಮೀನುಗಳೂ ಬರುತ್ತವೆ. ಗದ್ದೆಯಲ್ಲುಳಿದ ಕೂಳೆ ಕೊಳೆತು ಅವುಗಳಿಗೆ ಆಹಾರ; ಅವುಗಳ ಹೊಲಸು ಮುಂದಿನ ಪೈರಿಗೆ ಸಾರ. ಒಂದೇ ಗದ್ದೆ ಆರು ತಿಂಗಳು ನೆಲ, ಆರು ತಿಂಗಳು ಕಡಲು.

ಅಂದು ನನ್ನ ಜೊತೆ ನಿಂತಿದ್ದ ಮುದುಕ ಒಕ್ಕಲಿಗರೊಬ್ಬರನ್ನು, ಉಪ್ಪುನೀರಿನ ಭಯವಿಲ್ಲವೇ ಎಂದು ಕೇಳಿದೆ. "ಉಪ್ಪುನೀರು ನಮ್ಮ ವೈರಿ ಅಲ್ಲ ಮಾಸ್ತರೇ. ಹೊತ್ತಲ್ಲದ ಹೊತ್ತಿಗೆ ಬಂದ್ರೆ ಮಾತ್ರ ಕಷ್ಟ" ಎಂದರು. ಕಡಲಿನ ಬೇಸಾಯವನ್ನು ಕುರಿತು ಇದಕ್ಕಿಂತ ಒಳ್ಳೆಯ ಸೂತ್ರವನ್ನು ನಾನು ಮತ್ತೆಲ್ಲಿಯೂ ಕೇಳಿಲ್ಲ. ಹೊತ್ತನ್ನು ತಿಳಿಯುವುದೇ ಇಲ್ಲಿಯ ವಿದ್ಯೆ. ಯಾವ ತಿಥಿಗೆ ಕಡಲು ಎಷ್ಟು ಏರುತ್ತದೆ, ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಎಷ್ಟು ಹೆಚ್ಚುತ್ತದೆ, ಯಾವ ಮಳೆಗೆ ಯಾವ ಬಾಗಿಲು ತೆರೆಯಬೇಕು ಎಂಬುದು ಬರೆದಿಟ್ಟ ವಿದ್ಯೆಯಲ್ಲ, ನಿಂತು ಕಲಿತ ವಿದ್ಯೆ.

ಕೇರಳದ ಪೊಕ್ಕಾಳಿ ಭತ್ತದ್ದೂ ಇದೇ ಸಂಪ್ರದಾಯ. ಅಲ್ಲಿ ಮಣ್ಣನ್ನು ಗುಡ್ಡೆಗಳಾಗಿ ಏರಿಸಿ, ಮಳೆಯಿಂದ ಉಪ್ಪು ತೊಳೆದ ಮೇಲೆ ಆ ಗುಡ್ಡೆಗಳ ನೆತ್ತಿಯಲ್ಲಿ ಬಿತ್ತುತ್ತಾರೆ. ಈ ಪೊಕ್ಕಾಳಿಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಭತ್ತದ ಯಾವ ಗುಣ ಉಪ್ಪನ್ನು ತಡೆಯುತ್ತದೆಂದು ಹುಡುಕಿದ ವಿಜ್ಞಾನಿಗಳು ಪೊಕ್ಕಾಳಿಯ ಒಂದನೆಯ ವರ್ಣತಂತುವಿನಲ್ಲಿ ಅದಕ್ಕೆ ಕಾರಣವಾದ ಭಾಗವೊಂದನ್ನು ಗುರುತಿಸಿ 'ಸಾಲ್ಟಾಲ್' ಎಂದು ಹೆಸರಿಟ್ಟರು. ಬೇರು ಹೀರಿದ ನೀರಿನಲ್ಲಿ ಸೋಡಿಯಂ ಎಷ್ಟು ಎಲೆಗೆ ಏರಬೇಕೆಂಬುದನ್ನು ಅದು ಹತೋಟಿಯಲ್ಲಿಡುತ್ತದೆ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪೊಕ್ಕಾಳಿಯ ಸಂಕರದಿಂದ ಪಡೆದ ತಳಿಯನ್ನು ಹಲವು ದೇಶಗಳ ಉಪ್ಪುಭೂಮಿಯ ಭತ್ತಗಳನ್ನು ತಿದ್ದಲು ಬಳಸಿದ್ದಾರೆ. ಅಕ್ಷರ ತಿಳಿಯದ ಒಕ್ಕಲಿಗರು ಹೊಟ್ಟೆಪಾಡಿಗಾಗಿ ತಲೆಮಾರುಗಳಿಂದ ಆರಿಸಿ ಉಳಿಸಿದ ಬೀಜ ಜಗತ್ತಿನ ವಿಜ್ಞಾನಕ್ಕೆ ಬಂಡವಾಳವಾಯಿತು. ಆ ಬೀಜದ ಕನ್ನಡ ಬಂಧುವೇ ಕಗ್ಗ.

ಕಡಲಿನಿಂದ ದೂರವಿರುವ ನಮಗೆ ಈ ಕಗ್ಗದ ಗೊಡವೆ ಏಕೆಂದು ನೀವು ಕೇಳಬಹುದು. ಉಪ್ಪು ಕಡಲಿನಲ್ಲಿ ಮಾತ್ರ ಇದ್ದಿದ್ದರೆ ಗೊಡವೆ ಇರುತ್ತಿರಲಿಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಿತು. ಎಡದಂಡೆ ಕಾಲುವೆಯ ಹೆಚ್ಚಿನ ಭೂಮಿಗೆ ಕಡಿಮೆ ನೀರಿನ ಬೆಳೆಗಳನ್ನೇ ಗೊತ್ತುಮಾಡಿದ್ದರು. ನೀರು ಕಣ್ಣೆದುರು ಹರಿಯುವಾಗ ಭತ್ತವನ್ನು ಬಿಟ್ಟು ಜೋಳ ಬೆಳೆಯುವವರಾರು? ಎರೆಭೂಮಿಯಲ್ಲಿ ವರ್ಷವಿಡೀ ನೀರು ನಿಂತು, ಅಂತರ್ಜಲ ಮೇಲೆದ್ದು, ಬಿಸಿಲಿಗೆ ನೀರು ಆವಿಯಾಗಿ, ಅದರೊಳಗಿದ್ದ ಲವಣ ನೆಲದ ಮೇಲೆ ಬೆಳ್ಳಗೆ ಕುಳಿತಿತು. ಗಂಗಾವತಿ, ಸಿಂಧನೂರು, ಸಿರುಗುಪ್ಪಗಳ ಕಡೆ ಹೋದವರು ಈ ಚೌಳು ಭೂಮಿಯನ್ನು ಕಂಡಿರುತ್ತೀರಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಇದರ ಉಪಚಾರಕ್ಕಾಗಿಯೇ ದುಡಿಯುತ್ತಿದ್ದಾರೆ. ಸಮುದ್ರಕ್ಕೆ ನಾವು ಹೋಗಲಿಲ್ಲ. ಸಮುದ್ರದ ಗುಣವೊಂದು ನಮ್ಮ ಹೊಲಕ್ಕೇ ಬಂತು.

ಕಗ್ಗವನ್ನು ಹಾಗೆಯೇ ತಂದು ಚೌಳಿನಲ್ಲಿ ಚೆಲ್ಲಿದರೆ ಬೆಳೆದುಬಿಡುತ್ತದೆಂದು ನಾನು ಹೇಳುತ್ತಿಲ್ಲ. ಅಲ್ಲಿಯ ಮಳೆ ನಮ್ಮಲ್ಲಿಲ್ಲ; ಮಣ್ಣೂ ಬೇರೆ, ಉಪ್ಪಿನ ಬಗೆಯೂ ಬೇರೆ. ಬಸಿಗಾಲುವೆ ತೆಗೆದು ಉಪ್ಪನ್ನು ಹೊರಕ್ಕೆ ಹರಿಸದೆ ಯಾವ ಬೀಜವೂ ಪವಾಡ ಮಾಡದು. ಆದರೆ ನಾಳೆಯ ತಳಿಗೆ ಬೇಕಾದ ಗುಣ ಇಂಥ ಬೀಜಗಳಲ್ಲಿದೆಯೆಂಬುದಕ್ಕೆ ಪೊಕ್ಕಾಳಿಯೇ ಸಾಕ್ಷಿ.

ಆ ಬೀಜ ಈಗ ಸುಸ್ಥಿತಿಯಲ್ಲಿಲ್ಲ. ಹಿಂದೆ ಅಘನಾಶಿನಿಯ ಎರಡೂ ಮಗ್ಗುಲ ಊರುಗಳಲ್ಲಿ ಹರಡಿದ್ದ ಕಗ್ಗ ಈಗ ಮಾಣಿಕಟ್ಟದಂಥ ಕೆಲವೇ ಊರುಗಳಲ್ಲಿ ಉಳಿದಿದೆ. ಕಾರಣ ಒಂದಲ್ಲ. ಊರವರೇ ಕೂಡಿ ಕಟ್ಟಿ ರಿಪೇರಿ ಮಾಡುತ್ತಿದ್ದ ಮಣ್ಣಿನ ಕಟ್ಟೆಗಳ ಜಾಗದಲ್ಲಿ 1970ರ ದಶಕದಲ್ಲಿ ಸರ್ಕಾರದ ಗಟ್ಟಿ ಕಟ್ಟೆಗಳು ಬಂದವು. ಕಟ್ಟೆ ಗಟ್ಟಿಯಾಯಿತು, ಅದು ತಮ್ಮದೆಂಬ ಭಾವ ಸಡಿಲವಾಯಿತು. ಆಮೇಲೆ ಸಿಗಡಿಗೆ ಬೆಲೆ ಬಂತು. ವರ್ಷವಿಡೀ ಉಪ್ಪುನೀರು ನಿಲ್ಲಿಸಿದರೆ ಲಾಭ ಹೆಚ್ಚೆಂದು ಗದ್ದೆಗಳನ್ನು ಗುತ್ತಿಗೆಗೆ ಕೊಟ್ಟರು. 1990ರ ದಶಕದಲ್ಲಿ ಸಿಗಡಿಗೆ ರೋಗ ತಗುಲಿದಾಗ ಲಾಭವೂ ಹೋಯಿತು, ಗದ್ದೆಯೂ ಮರಳಲಿಲ್ಲ. ಈ ಬೇಸಾಯದಲ್ಲಿ ಇನ್ನೊಂದು ತೊಡಕಿದೆ. ಗಜನಿಯಲ್ಲಿ ಒಬ್ಬನೇ ಬೆಳೆಯುತ್ತೇನೆಂದರೆ ಆಗದು. ಬಾಗಿಲು ಎಲ್ಲರದು, ಒಂದು ಬಾಗಿಲು ಕಾಯುವವನಿಲ್ಲದೆ ತೆರೆದುಬಿದ್ದರೆ ಆ ಕಟ್ಟೆಯೊಳಗಿನ ಅಷ್ಟೂ ಗದ್ದೆಗಳಿಗೆ ಉಪ್ಪು. ಬಾಗಿಲಿನ ಬೆಲೆ ನಮಗೂ ತಿಳಿಯದ್ದಲ್ಲ. 2024ರ ಆಗಸ್ಟಿನಲ್ಲಿ ತುಂಗಭದ್ರೆಯ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಈ ಸೀಮೆಯ ರೈತರು ಎಷ್ಟು ರಾತ್ರಿ ನಿದ್ದೆಗೆಟ್ಟರೆಂಬುದು ನೆನಪಿರಬೇಕು.

ಬೀಜವನ್ನು ಶೀತಲ ಭಂಡಾರದಲ್ಲಿ ಇಟ್ಟು ಕಾಪಾಡಬಹುದಲ್ಲವೆ ಎಂದು ಕೇಳುವವರಿದ್ದಾರೆ. ಕಾಪಾಡಬೇಕು, ಸರಿ. ಆದರೆ ಬೀಜವನ್ನು ಇಡಬಹುದು. ಬಾಗಿಲು ತೆರೆಯುವ ಹೊತ್ತನ್ನು ಭಂಡಾರದಲ್ಲಿಡಲು ಬರುವುದಿಲ್ಲ. ಅದು ಇರುವುದು ಕಟ್ಟೆಯ ಮೇಲೆ ನಿಲ್ಲುವವನಲ್ಲಿ. ಅವನು ಮಗನಿಗೆ ಹೇಳಿಕೊಡದೆ ಹೋದ ವರ್ಷ ಆ ವಿದ್ಯೆ ಮುಗಿಯುತ್ತದೆ. ಕಗ್ಗಕ್ಕೆ ಅದರ ಯೋಗ್ಯತೆಗೆ ತಕ್ಕ ಬೆಲೆ, ಕಟ್ಟೆಯ ದುರಸ್ತಿಗೆ ಊರವರ ಕೈಯಲ್ಲೇ ಅಧಿಕಾರ ಮತ್ತು ಹಣ, ಬೆಳೆ ಬೆಳೆದವನಿಗೆ ಸಿಗಡಿಯಲ್ಲಿಯೂ ಪಾಲು — ಈ ಮೂರು ದೊರೆತರೆ ಮಗ ಕಟ್ಟೆಗೆ ಬಂದಾನು.

2024ರ ಜನವರಿಯಲ್ಲಿ ಜಗತ್ತಿನ ಮುಖ್ಯ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಕರ್ನಾಟಕದ ಮೂರು ತಾಣಗಳು ಸೇರಿದ ಸುದ್ದಿ ಬಂತು. ಒಂದು, ಗದಗ ಜಿಲ್ಲೆಯ ಮಾಗಡಿ ಕೆರೆ. ಇನ್ನೊಂದು, ಅಘನಾಶಿನಿಯ ಅಳಿವೆ. ಮತ್ತೊಂದು, ನಮ್ಮ ಅಂಕಸಮುದ್ರ. ನೂರು ಹೆಕ್ಟೇರಿಗೂ ಕಡಿಮೆಯ ನಮ್ಮ ಸಮುದ್ರವೂ, ನಿಜವಾದ ಸಮುದ್ರದ ಬಾಗಿಲೂ ಒಂದೇ ಪಟ್ಟಿಯಲ್ಲಿ ಕುಳಿತವು. ಪಟ್ಟಿಗೆ ಸೇರಿಸಿದವರು ನೋಡಿದ್ದು ಹಕ್ಕಿಗಳನ್ನು, ಮೀನುಗಳನ್ನು, ಕಾಂಡ್ಲಾಗಿಡಗಳನ್ನು. ಬಾಗಿಲು ಕಾಯುವ ಒಕ್ಕಲಿಗನನ್ನೂ ಅವುಗಳ ಸಾಲಿನಲ್ಲಿ ನಿಲ್ಲಿಸಿ ನೋಡಬೇಕೆಂಬುದು ನನ್ನ ಕೋರಿಕೆ.

ಇಷ್ಟನ್ನೂ ಮೊಮ್ಮಗನಿಗೆ ಒಂದು ಸಂಜೆ ಹೇಳಿದೆ. ಭಂಗಿಯ ಮಾತೆತ್ತಿದ್ದ ಗೆಳೆಯನೂ ಕುಳಿತು ಕೇಳಿದ. ಎಲ್ಲ ಮುಗಿದ ಮೇಲೆ ಮೊಮ್ಮಗ ಕೇಳಿದ್ದು ಒಂದೇ ಮಾತು: "ಅಜ್ಜಾ, ಆ ಕಗ್ಗದ ಬೀಜ ಅಂಗಡಿಯಾಗ ಸಿಗ್ತೈತೇನು?"

ಸಿಗುವುದಿಲ್ಲವಪ್ಪಾ, ಬೆಳೆಯುವವರ ಮನೆಯಲ್ಲಿ ಮಾತ್ರ ಸಿಗುತ್ತದೆ, ಅಲ್ಲಿಗೆ ಹೋಗಬೇಕು ಎಂದೆ. ಈ ಮುಂಗಾರಿಗೆ ಇಬ್ಬರೂ ಕುಮಟೆಗೆ ಹೋಗಿಬರುವುದೆಂದು ಗೊತ್ತುಮಾಡಿಕೊಂಡಿದ್ದಾರೆ. ದಾರಿಯ ಖರ್ಚು ನನ್ನದು.